ಹುಲಿಯನ ಜೊತೆ ಒಂದು ಸುತ್ತು

ಏದುಸಿರು ಬಿಡುತ್ತಾ ಸಾಹಿತ್ಯ ವಿಮರ್ಶೆ ಮಾಡೋಕೆ ಆಗಲ್ಲ. ಇದು ನನಗೆ ಗೊತ್ತಾಗಿದ್ದು ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ. ನಾವು ಆರು ಜನ, ಎಲ್ಲರೂ ಸುತ್ತಮುತ್ತಲ ಬೀದಿಯವರೇ, ಭಾನುವಾರ ಬೆಳಿಗ್ಗೆ 6ಕ್ಕೆ ಅಲ್ಲಿ ಸೇರುತ್ತೇವೆ. ಆ ವಾರ ಓದಿದಷ್ಟನ್ನು ನಡೀತಾನೇ ಮಾತಾಡಬೇಕು, ಕೂರೋ ಹಾಗಿಲ್ಲ. ಕೆರೆಗೆ ಒಂದು ಸುತ್ತು ಅಂದರೆ ಹೆಚ್ಚುಕಡಿಮೆ 4.5 ಕಿಲೋಮೀಟರ್. ಬೇರೆಯವರಿಗೆ ಅದು ಒಂದು ಗಂಟೆಯ ದಾರಿ, ನಮಗೆ ಎರಡು.

ಕಾರಣ ನಮ್ಮ ಮೇಷ್ಟ್ರು. ಮುಖ್ಯವಾದ ಮಾತು ಬಂದರೆ ಅವರು ನಿಂತುಬಿಡುತ್ತಾರೆ, ಅವರ ಪಾಲಿಗೆ ಎಲ್ಲಾ ಮಾತೂ ಮುಖ್ಯವೇ. ಅವರು ನಿಂತರೆ ನಾವೂ ನಿಲ್ಲಬೇಕು, ಹಿಂದೆ ಓಡಿಕೊಂಡು ಬರೋ ಹುಡುಗರು ಗೊಣಗಿಕೊಂಡು ಪಕ್ಕಕ್ಕೆ ಸರಿದು ಹೋಗುತ್ತಾರೆ, ನೀರಿನ ಆಚೆ ಮರದ ಮೇಲಿನ ಹೆಜ್ಜಾರ್ಲೆಗಳು ಮಾತ್ರ ಸಮಾಧಾನವಾಗಿ ಕೇಳಿಸಿಕೊಳ್ಳುತ್ತವೆ. ಹೆಜ್ಜೆ ಎಣಿಸೋ ವಾಚು ಕಟ್ಟಿರೋ ಬ್ಯಾಂಕಿನ ರಾಯರಿಗಂತೂ ಸಂಕಟ. ಇನ್ನೊಂದು ಕಂಡುಕೊಂಡಿದ್ದೀನಿ: ಯಾರು ಎಲ್ಲರಿಗಿಂತ ಮುಂದೆ ಬಿರಬಿರನೆ ಹೋಗುತ್ತಾರೋ ಅವರು ಆ ವಾರ ಓದಿಲ್ಲ ಅಂತ ಅರ್ಥ. ಜಾಸ್ತಿ ಸಲ ಅದು ನಾನೇ.

ನಮ್ಮಜ್ಜಿ ಇದ್ದಿದ್ದರೆ ಇದನ್ನೆಲ್ಲ ನೋಡಿ ನಗುತ್ತಿದ್ದರು. ಅವರು ಬೀಸೋ ಕಲ್ಲಿನ ಎದುರು ಕೂತು ಪದ ಹೇಳಿದವರು. ಎದುರಿಗೆ ಓರಗಿತ್ತಿ, ಒಂದೇ ಗೂಟಕ್ಕೆ ಇಬ್ಬರ ಕೈ. ಒಬ್ಬರು ಸಾಲು ಎತ್ತಿಕೊಂಡರೆ ಇನ್ನೊಬ್ಬರು ಸೇರಿಸುವುದು, ತೌರಿನ ನೆನಪಿಗೆ ಗಂಟಲು ಕಟ್ಟಿದರೂ ಕಲ್ಲು ನಿಲ್ಲುವ ಹಾಗಿಲ್ಲ, ಬೆಳಗಾಗುವುದರೊಳಗೆ ರಾಗಿ ಹಿಟ್ಟಾಗಬೇಕು. ಆಮೇಲೆ ಮಿಲ್ಲು ಬಂತು, ರಟ್ಟೆಗೆ ಜಿಮ್ಮು ಬಂತು, ಪದ ಕಿವಿಯೊಳಗಿನ ಇಯರ್‌ಫೋನಿಗೆ ಹೋಯಿತು. ಓದು ಕೂಡ ಹಾಗೇ ಅಲ್ವಾ? ಗಮಕದಲ್ಲಿ ಒಬ್ಬರು ಕುಮಾರವ್ಯಾಸನನ್ನು ಹಾಡುತ್ತಾ ಓದೋರು, ಇನ್ನೊಬ್ಬರು ಅರ್ಥ ಹೇಳೋರು, ಜಗಲಿ ತುಂಬ ಜನ ಕೂತು ಕೇಳೋರು. ಪುಸ್ತಕ ಹಿಡಿದು ಒಬ್ಬೊಬ್ಬರೇ ಮೂಲೆ ಸೇರಿದ್ದು ಈಚೆಗೆ.

ಈ ಕೆರೆಯ ಸುತ್ತ ಕುವೆಂಪು ಓಡಾಡುತ್ತಿದ್ದರು. ಅದೇ ನೆಪ ಮಾಡಿಕೊಂಡು ಈ ಸಲ ಅವರ ‘ಮಲೆಗಳಲ್ಲಿ ಮದುಮಗಳು’ ಹಿಡಿದೆವು. 1967ರ ಕಾದಂಬರಿ, ದಿಂಬಿನಷ್ಟು ದಪ್ಪ. ನಡೆಯೋರಿಗೆ ಇದಕ್ಕಿಂತ ಒಳ್ಳೆ ಪುಸ್ತಕ ಸಿಗಲ್ಲ, ಯಾಕಂದ್ರೆ ಗುತ್ತಿ ಮೊದಲಿಂದಲೂ ನಡೀತಾನೇ ಇರುತ್ತಾನೆ. ಕಾಡು, ಏರು, ಇಳಿಜಾರು, ಕತ್ತಲೆ, ಪಕ್ಕದಲ್ಲಿ ಅವನ ನಾಯಿ ಹುಲಿಯ. ಅವನಿಗೆ ಬೂಟೂ ಇಲ್ಲ, ವಾಚೂ ಇಲ್ಲ. ಗೇಟಿನ ಹತ್ತಿರ ಮಲಗಿರುತ್ತಿದ್ದ ಕಂದು ನಾಯಿಯೊಂದು ಮೂರನೇ ವಾರದಿಂದ ನಮ್ಮ ಜೊತೆ ಬರೋಕೆ ಶುರು ಮಾಡಿತು. ಹೆಸರು ಏನಿಡಬೇಕು ಅಂತ ಚರ್ಚೆಯೇ ಆಗಲಿಲ್ಲ.

ಕಳೆದ ಭಾನುವಾರ, ಇನ್ನೂ ನೂರು ಪುಟ ಬಾಕಿ ಇರೋ ಎದುರುಮನೆ ಹುಡುಗಿ ಅದರ ತಲೆ ಸವರುತ್ತಾ ಕೇಳಿದಳು: “ಮೇಷ್ಟ್ರೇ, ಹುಲಿಯ ಕೊನೇವರೆಗೂ ಗುತ್ತಿ ಜೊತೇಲೇ ಇರುತ್ತೆ ತಾನೇ?”

ಮೇಷ್ಟ್ರು ನಿಲ್ಲಲಿಲ್ಲ. ಅವತ್ತು ಮೊದಲ ಸಲ, ನಮ್ಮೆಲ್ಲರನ್ನೂ ಹಿಂದೆ ಹಾಕಿ ಬಿರಬಿರನೆ ನಡೆದುಬಿಟ್ಟರು.