ಒಂದು ಗ್ರಾಂ ಇದ್ದಿಲಿನಲ್ಲಿ ಒಂಬತ್ತು ಸೈಟು

ನಮ್ಮ ಅಕ್ಕನ ಮಗ ಪಿಎಚ್.ಡಿ. ಮಾಡುತ್ತಿದ್ದಾನೆ. ಬಟ್ಟೆ ಬಣ್ಣ ಕಟ್ಟುವವರು ಬಿಡುವ ನೀರಿನಿಂದ ಬಣ್ಣ ತೆಗೆಯುವುದು ಅವನ ವಿಷಯ. ತೆಗೆಯುವುದು ಗಿಡದ ಇದ್ದಿಲಿನಿಂದ. ಯಾವ ಗಿಡದ ಇದ್ದಿಲು ಅನ್ನೋದೇ ನಾಲ್ಕು ವರ್ಷದ ತಲೆನೋವು.

ತೆಂಗಿನ ಚಿಪ್ಪು ಅಂದ. ಯಾರೋ ಮಾಡಿ ಮುಗಿಸಿದ್ದರು. ಅಡಿಕೆ ಸಿಪ್ಪೆ, ಕಾಫಿ ಹೊಟ್ಟು, ಹುಣಸೆ ಬೀಜ, ಹಲಸಿನ ಸಿಪ್ಪೆ, ಜೋಳದ ದಂಟು, ಕಬ್ಬಿನ ರಚ್ಚು, ಬೇವಿನ ಎಲೆ... ಎಲ್ಲ ಆಗಿಹೋಗಿದೆ, ಎಲ್ಲದರ ಮೇಲೂ ಪ್ರಬಂಧ ಬಂದಿದೆ. ನಮ್ಮ ಊರಿನ ಎಮ್ಮೆ ಕೂಡ ಇಷ್ಟು ಬಗೆಯ ಸಿಪ್ಪೆ ಮೂಸಿ ನೋಡಿರಲಿಕ್ಕಿಲ್ಲ. ಕೊನೆಗೆ ಬಳ್ಳಾರಿ ಜಾಲಿ ಹಿಡಿದ. ಅದೂ ಆಗಿತ್ತಂತೆ. "ಅವರು ಕಟ್ಟಿಗೆ ಸುಟ್ಟಿದ್ದಾರೆ ಮಾವ, ನಾನು ಕಾಯಿ ಸುಡ್ತೀನಿ" ಅಂದ. ಜ್ಞಾನ ಮುಂದುವರಿಯುವುದು ಹೀಗೇ.

ನನಗೆ ಖುಷಿಯಾಯಿತು. ಬಳ್ಳಾರಿಯಲ್ಲಿ ಜೀನ್ಸ್ ತೊಳೆಯುವ ಘಟಕಗಳಿವೆ, ಆ ನೀರು ನೀಲಿ. ಅಲ್ಲೇ ಬೇಲಿ ತುಂಬ ಬಳ್ಳಾರಿ ಜಾಲಿ. ಊರಿನ ಮುಳ್ಳಿನಿಂದಲೇ ಊರಿನ ಹಳ್ಳ ತೊಳೆದರೆ ಎಷ್ಟು ಚೆಂದ ಅಲ್ವಾ ಅಂದುಕೊಂಡು ಲ್ಯಾಬ್ ನೋಡಲು ಹೋದೆ.

ಜಾಲಿ ಕಾಯಿ ಒಣಗಿಸಿ, ಪುಡಿ ಮಾಡಿ, ಫಾಸ್ಫಾರಿಕ್ ಆಸಿಡ್‌ನಲ್ಲಿ ರಾತ್ರಿಯಿಡೀ ನೆನೆಸಿದ್ದ. ನಮ್ಮ ಮನೆಯ ದೋಸೆ ಅಕ್ಕಿ ಹಾಗೆ. ಆಮೇಲೆ 500 ಡಿಗ್ರಿ ಕುಲುಮೆಯಲ್ಲಿ ಸುಟ್ಟು, ಆಸಿಡ್ ಹೋಗುವವರೆಗೂ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆಯುತ್ತಿದ್ದ. ನಾನು ನೋಡುತ್ತಿದ್ದಂತೆ ಎರಡು ಕ್ಯಾನ್ ಖಾಲಿ. "ಆ ಹುಳಿ ನೀರು ಎಲ್ಲಿಗೋ?" ಅಂದೆ. ಸಿಂಕ್ ತೋರಿಸಿದ.

ಇದ್ದಿಲಿನ ಮಹಿಮೆ ಮಾತ್ರ ಸುಳ್ಳಲ್ಲ. ಒಳಗೆಲ್ಲ ಕಣ್ಣಿಗೆ ಕಾಣದ ತೂತು. ಒಳ್ಳೆಯ ಆಕ್ಟಿವೇಟೆಡ್ ಕಾರ್ಬನ್, ಅಂದರೆ ಹೀಗೆ ತಯಾರಾದ ಇದ್ದಿಲು, ಒಂದು ಗ್ರಾಂ ತಗೊಂಡು ಆ ತೂತುಗಳ ಗೋಡೆಯನ್ನೆಲ್ಲ ಹರಡಿದರೆ ಸುಮಾರು 1000 ಚದರ ಮೀಟರ್. ಅಂದರೆ 30-40ರ ಒಂಬತ್ತು ಸೈಟು! ಬೆಂಗಳೂರಿನವರ ಕಿವಿಗೆ ಇದು ಬೀಳದಿರಲಿ. ನಾಳೆಯೇ ಲೇಔಟ್ ಮಾಡಿ ಕಂತಿನ ಮೇಲೆ ಮಾರುತ್ತಾರೆ, ಬಿ ಖಾತಾ ಸಮೇತ.

ಬೀಕರಿನಲ್ಲಿ 100 ಮಿಲಿ ಕಡು ನೀಲಿ ನೀರು. ಒಂದು ಚಿಟಿಕೆ ಇದ್ದಿಲು ಹಾಕಿ ಅಲುಗಾಡುವ ಯಂತ್ರದ ಮೇಲಿಟ್ಟ. ಆಮೇಲೆ ಸೋಸಿ ಬೆಳಕಿಗೆ ಹಿಡಿದ. ಆಹಾ, ಎಳನೀರು! ನಿಜಕ್ಕೂ ಚಪ್ಪಾಳೆ ಹೊಡೆದೆ.

"ಯಾವ ಹಳ್ಳದ ನೀರು ಇದು?"

"ಹಳ್ಳದ್ದಲ್ಲ ಮಾವ. ಡಿಸ್ಟಿಲ್ಡ್ ವಾಟರ್‌ಗೆ ನಾವೇ ಮೆಥಿಲೀನ್ ಬ್ಲೂ ಹಾಕಿದ್ದು."

ಮಗುವನ್ನು ಚಿವುಟಿ ತೊಟ್ಟಿಲು ತೂಗೋದು ಅಂದರೆ ಇದೇ. ಮೆಥಿಲೀನ್ ಬ್ಲೂ ಅಂಥ ಸಾಧು ಬಣ್ಣ. ಅದಕ್ಕೆ ಪ್ಲಸ್ ಚಾರ್ಜು, ಮೈನಸ್ ಕಂಡಲ್ಲಿ ಓಡಿ ಹೋಗಿ ಅಂಟಿಕೊಳ್ಳುತ್ತದೆ. ಕುಡಿದು ಬಿಟ್ಟ ಚಹಾ ಪುಡಿ ಹಾಕಿದರೂ ಸುಮಾರಾಗಿ ಹಿಡಿಯುತ್ತದೆ. ಜೀನ್ಸಿನ ನೀಲಿ ಇದಲ್ಲ, ಅದು ಇಂಡಿಗೋ. ನೀರಿನಲ್ಲಿ ಕರಗುವುದೇ ಇಲ್ಲ, ಕಣಕಣವಾಗಿ ತೇಲುತ್ತದೆ. ಅದನ್ನು ತಳಕ್ಕಿಳಿಸಲು ಮೊದಲು ಬೇಕಿರುವುದು ಪಟಿಕದಂಥ ವಸ್ತು. ಆದರೆ ಪಟಿಕದ ಮೇಲೆ ಪಿಎಚ್.ಡಿ. ಯಾರು ಕೊಡ್ತಾರೆ?

"ಒಂದು ಬಾಟಲಿ ಹಳ್ಳದ ನೀರು ತಂದು ಹಾಕಬಾರದೇನೋ?" ಅಂದೆ. ಅಲ್ಲೇ ಇದ್ದ ಅವನ ಗೈಡು ಬೆಚ್ಚಿಬಿದ್ದರು. "ಅಯ್ಯೋ ಬೇಡಿ ಸಾರ್. ಗ್ರಾಫ್ ಕೆಡುತ್ತೆ."

ಪಾಪ, ಅವರ ಕಷ್ಟ ಅವರಿಗೆ. ಹಳ್ಳದ ನೀರಿನಲ್ಲಿ ಸೋಪು, ಗಂಜಿ, ಉಪ್ಪು ಎಲ್ಲ ಇರುತ್ತದೆ. ಬಣ್ಣಕ್ಕಿಂತ ಮುಂಚೆ ಸೋಪು, ಗಂಜಿಯೇ ನುಗ್ಗಿ ಸೈಟು ಹಿಡಿದು ಕೂರುತ್ತವೆ. ಬಿಂದುಗಳೆಲ್ಲ ದಿಕ್ಕಾಪಾಲು. ಇಂಥ ಅಂಟಿಕೊಳ್ಳುವಿಕೆಗೆ ಲ್ಯಾಂಗ್‌ಮ್ಯೂರ್ ಎಂಬ ವಿಜ್ಞಾನಿ 1918ರಲ್ಲಿ ಬರೆದಿಟ್ಟ ಸಮೀಕರಣದ ಮೇಲೆ ಬಿಂದುಗಳು ಶಿಸ್ತಾಗಿ ಕೂತರೆ ಡಿಗ್ರಿ. ಹಳ್ಳ ಯಾವತ್ತು ಯಾರಿಗೆ ಡಿಗ್ರಿ ಕೊಟ್ಟಿದೆ?

ಪಕ್ಕದ ತಮಿಳುನಾಡಿನ ಬನಿಯನ್ ಊರು ತಿರುಪ್ಪೂರು ನೋಡಿ. ನೊಯ್ಯಲ್ ನದಿಗೆ ಒರತ್ತುಪಾಳ್ಯಂನಲ್ಲಿ ನೀರಾವರಿಗೆ ಅಂತ ಅಣೆಕಟ್ಟು ಕಟ್ಟಿದರು. 1992ರಲ್ಲಿ ಶುರುವಾದ ಆ ಅಣೆಕಟ್ಟು ಬನಿಯನ್ ಬಣ್ಣದ ತೊಟ್ಟಿಯಾಯಿತು. ಆ ನೊಯ್ಯಲ್ ಮುಂದೆ ಹೋಗಿ ಸೇರುವುದು ನಮ್ಮದೇ ಕಾವೇರಿಗೆ. ಎಷ್ಟು ಟಿಎಂಸಿ ಅಂತ ಕಿತ್ತಾಡುತ್ತೇವೆ, ಯಾವ ಬಣ್ಣ ಅಂತ ಯಾರೂ ಕೇಳಲ್ಲ. ರೈತರು ವರ್ಷಗಟ್ಟಲೆ ಕೋರ್ಟಿಗೆ ಅಲೆದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಡೈಯಿಂಗ್ ಘಟಕಗಳನ್ನೇ ಮುಚ್ಚಿಸಿತು. ಅಲ್ಲಿನ ದೊಡ್ಡ ಶತ್ರು ಉಪ್ಪು. ಉಪ್ಪನ್ನು ಯಾವ ಇದ್ದಿಲೂ ಹಿಡಿಯಲ್ಲ, ಅದಕ್ಕೆ ಆರ್‌ಒ ಬೇಕು, ಆರ್‌ಒಗೆ ದುಡ್ಡು ಬೇಕು. ಪ್ರಬಂಧಕ್ಕಾದರೆ ಸಿಪ್ಪೆ ಸಾಕು.

ಬಣ್ಣ ಕುಡಿದ ಇದ್ದಿಲು ಏನಾಗುತ್ತದೆ ಅಂತಲೂ ಕೇಳಿದೆ. "ಅದು ಮುಂದಿನ ಸಂಶೋಧನೆಗೆ" ಅಂದ. ಸದ್ಯಕ್ಕೆ ಅದು ಕಿಟಕಿಯ ಹೊರಗೆ ಹಳೆಯ ಪೇಂಟ್ ಡಬ್ಬಿಯಲ್ಲಿತ್ತು. ಮುಚ್ಚಳ ಇರಲಿಲ್ಲ. ಹಿಂದಿನ ರಾತ್ರಿ ಮಳೆ ಬಂದಿತ್ತು.

ಕಳೆದ ಭಾನುವಾರ ಹುಡುಗ ಮನೆಗೆ ಬಂದ. ಇವನದು ಮುಗಿಯುತ್ತಾ ಬಂತು, ಆದರೆ ಇವನ ಜೂನಿಯರ್ ಹುಡುಗಿಗೆ ಇನ್ನೂ ಕಸ ಸಿಕ್ಕಿಲ್ಲವಂತೆ. ಅಡುಗೆಮನೆಗೆ ಇಣುಕಿ ನೋಡಿದ. ನನ್ನ ಹೆಂಡತಿ ಹೀರೆಕಾಯಿ ಹೆರೆಯುತ್ತಿದ್ದಳು. ಇವನ ಕಣ್ಣು ಹೊಳೆಯಿತು.

"ಅತ್ತೆ, ಆ ಸಿಪ್ಪೆ ಬಿಸಾಕ್ತೀರಾ?"

"ಬಿಸಾಕೋದಾ? ಇವತ್ತು ಇದರದ್ದೇ ಚಟ್ನಿ. ಮುಟ್ಟಿದ್ರೆ ನೋಡು!"