ತುಳಸಿ ಕುಂಡದ ಕೆಳಗೆ

ವಿಜಯಪುರದಿಂದ ಬಂದು ಬ್ಯಾಗು ಕೂಡ ಬಿಚ್ಚಿಲ್ಲ, ಕಿವಿಯಲ್ಲಿ ಇನ್ನೂ ಗುಂಯ್ ಅಂತಿದೆ. ಗೋಲ್ ಗುಮ್ಮಟದಲ್ಲಿರುವುದು ಪಿಸುಮಾತಿನ ಗ್ಯಾಲರಿ. ಪಿಸುಮಾತಿನದು! ಇದನ್ನು ನಮ್ಮ ಜನಕ್ಕೆ ಯಾರಾದರೂ ಸ್ವಲ್ಪ ಕೂಗಿ ಹೇಳಬೇಕು.

ಬೆಳಿಗ್ಗೆ ಬೇಗ ಹೋಗಿ, ಗದ್ದಲ ಇರಲ್ಲ ಅಂತ ಎಲ್ಲರೂ ಎಲ್ಲರಿಗೂ ಹೇಳಿರುತ್ತಾರೆ. ಹಾಗಾಗಿ ಬೆಳಿಗ್ಗೆ ಬೇಗ ಎಲ್ಲರೂ ಅಲ್ಲಿರುತ್ತಾರೆ. ಮೂಲೆಯ ಮಿನಾರಿನೊಳಗೆ ಏಳು ಅಂತಸ್ತು ಹತ್ತಬೇಕು. ಕಡಿದಾದ, ಇಕ್ಕಟ್ಟಾದ ಮೆಟ್ಟಿಲು. ಎದುರಿಗೆ ಇಳಿಯುವವರು ಸಿಕ್ಕರೆ ನಾವು ಸಿನಿಮಾ ಪೋಸ್ಟರಿನ ಹಾಗೆ ಗೋಡೆಗೆ ಅಂಟಿಕೊಳ್ಳಬೇಕು. ಹೆಂಡತಿ ಮೆಟ್ಟಿಲು ನೋಡಿದವಳೇ ಮಂಡಿನೋವು ಅಂತ ಕೆಳಗೇ ಉಳಿದಳು. ಜಾಣೆ.

ಮೇಲೆ ಹೋಗಿ ಒಳಗೆ ಕಾಲಿಟ್ಟರೆ ಮಾತ್ರ ದಿಗಿಲಾಗುತ್ತೆ. ಹೊರಗಿನಿಂದ ಅಳೆದರೆ ಸುಮಾರು 44 ಮೀಟರ್ ವ್ಯಾಸದ ಗುಮ್ಮಟ, ಕೆಳಗೆ ಆಧಾರಕ್ಕೆ ಒಂದೇ ಒಂದು ಕಂಬ ಇಲ್ಲ. ಗೋಡೆಗೆ ಬಾಯಿಟ್ಟು ಮೆಲ್ಲಗೆ ಹೇಳಿದ್ದು ಗೋಡೆಯ ಗುಂಟವೇ ಜಾರಿಕೊಂಡು ಹೋಗಿ ಆ ಕಡೆ ನಿಂತವರ ಕಿವಿ ಸೇರುತ್ತೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನಲ್ಲೂ ಇಂಥದೇ ಒಂದು ಗ್ಯಾಲರಿ ಇದೆ. ಸಿ.ವಿ. ರಾಮನ್ ಅದನ್ನೂ ಇದನ್ನೂ ಅಭ್ಯಾಸ ಮಾಡಿ 1920ರ ದಶಕದ ಶುರುವಿನಲ್ಲೇ ಬರೆದಿದ್ದಾರೆ. ಅವರಿಗೆ ಇಲ್ಲಿ ಅಷ್ಟು ನಿಶ್ಶಬ್ದ ಹೇಗೆ ಸಿಕ್ಕಿತೋ ದೇವರೇ ಬಲ್ಲ.

ಯಾಕಂದ್ರೆ ಕೂಗಿದರೆ ಏಳು ಸಲ ಮರುದನಿ ಬರುತ್ತೆ ಅಂತ ಯಾರೋ ಜನಕ್ಕೆ ಹೇಳಿಕೊಟ್ಟುಬಿಟ್ಟಿದ್ದಾರೆ. ಒಬ್ಬ 'ಹೋ' ಅಂದ, ಇನ್ನೊಬ್ಬ ಹುಡುಗಿಯೊಬ್ಬಳ ಹೆಸರು ಕೂಗಿದ, ಕಾವಲುಗಾರ ಸುಮ್ಮನಿರಿಸಲು ಸೀಟಿ ಊದಿದ. ಆ ಸೀಟಿಯೂ ಏಳು ಸಲ.

ನಾನು ಗೋಡೆಗೆ ಕಿವಿಯಿಟ್ಟು ಕಾಯ್ತಾ ಇದ್ದೆ. ನನಗೆ ನೇರ ಎದುರಿಗೆ ನೀಲಿ ಟೋಪಿಯ ಒಬ್ಬ ಸಾಹೇಬರು. ಅವರ ಫೋನು ಬಡಿದುಕೊಂಡಿತು. ಸ್ಪೀಕರ್ ಹಾಕಿದರು. ನಮ್ಮ ಜನ ಫೋನನ್ನು ಕಿವಿಗಿಡುವುದು ಬಿಟ್ಟು ಯಾವ ಕಾಲವಾಯಿತು ಅಲ್ವಾ?

"ಭಾವಾ, ಮನೆ ಕೀ ಎಲ್ಲಿಟ್ಟಿದ್ದೀರಾ?"

ಎಲ್ಲಿಟ್ಟಿದ್ದೀರಾ, ಎಲ್ಲಿಟ್ಟಿದ್ದೀರಾ ಅಂತ ಗುಮ್ಮಟವೂ ಕೇಳಿತು. ಗ್ಯಾಲರಿ ಪೂರ್ತಿ ಗಪ್ ಚುಪ್. ಸಾಹೇಬರು ಆ ಕಡೆ ಈ ಕಡೆ ನೋಡಿದರು. ಮನೆ ಕೀ ವಿಷಯ, ಜೋರಾಗಿ ಹೇಳೋ ಹಾಗಿಲ್ಲ. ಜನಕ್ಕೆ ಬೆನ್ನು ಹಾಕಿ, ಗೋಡೆಗೆ ಮುಖ ಒತ್ತಿ, ಬಾಯಿಗೆ ಕೈ ಅಡ್ಡ ಇಟ್ಟು ಮೆಲ್ಲಗೆ ಉಸುರಿದರು. "ತುಳಸಿ ಕುಂಡದ ಕೆಳಗೆ."

ಆ ಬೆಳಿಗ್ಗೆ ಗ್ಯಾಲರಿಯನ್ನು ಸರಿಯಾಗಿ ಬಳಸಿದ್ದು ಅವರೊಬ್ಬರೇ. ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು ನನಗೆ. ನನ್ನ ಪಕ್ಕ ಗೋಡೆಗೆ ಕಿವಿ ಹಚ್ಚಿದ್ದವರಿಗೂ ಕೇಳಿಸಿತು. ಕೇಳಿಸದೇ ಹೋಗಿದ್ದು ಭಾಮೈದನಿಗೆ ಮಾತ್ರ.

"ಏನಂದ್ರಿ? ಜೋರಾಗಿ ಹೇಳಿ!"

ಸಾಹೇಬರ ತಾಳ್ಮೆ ತಪ್ಪಿತು. "ತುಳಸಿ ಕುಂಡದ ಕೆಳಗೆ ಕಣಯ್ಯಾ!" ಕಣಯ್ಯಾ, ಕಣಯ್ಯಾ, ಕಣಯ್ಯಾ. ಇದು ಇಳಿಯುವ ಮೊದಲೇ ಶಾಲೆ ಹುಡುಗನೊಬ್ಬ ಬಗ್ಗಿ, ಕೆಳಗಿದ್ದ ಗೆಳೆಯರಿಗೆ "ಲೇ, ತುಳಸಿ ಕುಂಡದ ಕೆಳಗ ಐತಂತ!" ಅಂತ ಸುದ್ದಿ ಮುಟ್ಟಿಸಿದ.

ಕೆಳಗೆ ಸಮಾಧಿಯಲ್ಲಿ, 1656ರಲ್ಲಿ ತೀರಿಕೊಂಡ ಇಲ್ಲಿನ ಸುಲ್ತಾನ ಮುಹಮ್ಮದ್ ಆದಿಲ್ ಶಾ ಮಲಗಿದ್ದಾನೆ. ಪಕ್ಕದಲ್ಲೇ ಹೆಂಡಂದಿರು, ಪ್ರೇಯಸಿ ರಂಭೆ. ಪಾಪ, ದಿನಾ ಇದನ್ನೇ ಕೇಳಬೇಕು.

ನಡುವೆ ಹೇಗೋ ಒಂದು ಗಳಿಗೆ ಎಲ್ಲರೂ ಸುಮ್ಮನಾದರು. "ತಂಗಿ, ಕೇಳಸ್ತದೇನ?" ಅಂತ ಒಂದು ಮುದಿ ದನಿ ನನ್ನ ಕಿವಿಗೇ ಬಂತು. ಮೊಮ್ಮಗಳಿಗೆ ಕೇಳಿದ್ದು, ನನಗಲ್ಲ. ಹೆಂಡತಿಯನ್ನು ಕೈ ಹಿಡಿದಾದರೂ ಹತ್ತಿಸಬೇಕಿತ್ತು ಅನ್ನಿಸಿತು. ಆ ಕಡೆ ನಿಂತು ಹೂಂ ಅನ್ನೋಕೆ ನಮ್ಮವರು ಅಂತ ಒಬ್ಬರು ಬೇಕು, ಇಲ್ಲದಿದ್ದರೆ ಅದು ಬರೀ ಗೋಡೆ.

ಇಳಿದು ಬಂದಾಗ ಹುಲ್ಲುಹಾಸಿನ ಹತ್ತಿರ ನೀಲಿ ಟೋಪಿಯವರು ಸಿಕ್ಕರು, ಮುಖ ಕೆಂಪಗಿತ್ತು. "ಎಲ್ಲಾ ಸುಳ್ಳು ಸಾರ್. ಈ ಜನ ಹೀಗೆ ಕೂಗಾಡ್ತಿದ್ರೆ ಪಿಸುಮಾತು ಹೆಂಗೆ ಕೇಳ್ಸುತ್ತೆ? ನಿಮಗೇನಾದ್ರೂ ಕೇಳಿಸ್ತಾ?"

ಇಲ್ಲ ಅಂದೆ. ಅವರ ಮನೆ ಯಾವ ಏರಿಯಾ ಅಂತ ಕೇಳಲು ಹೋಗಲಿಲ್ಲ.