ಪೂರ್ತಿಯಾಗಿ ಕೆಡದ ಕಾರಿನ ಕಷ್ಟ

ಹಳೆಯ ಕಾರು ಒಂದೇ ಸಲಕ್ಕೆ ಕೆಟ್ಟು ನಿಂತುಬಿಟ್ಟರೆ ಯಜಮಾನನ ಅರ್ಧ ಚಿಂತೆ ಅಲ್ಲಿಗೇ ಕಳೆಯುತ್ತದೆ. ಎಂಜಿನ್ ಸೀಜ್ ಆಗಿದೆ, ಇನ್ನು ಗುಜರಿಯೇ ಗತಿ ಎಂದು ನಾಲ್ಕು ಜನರೆದುರು ಗಂಭೀರವಾಗಿ ಹೇಳಿ, ಅವರಿಂದ ಅಷ್ಟಿಷ್ಟು ಸಹಾನುಭೂತಿಯನ್ನೂ ಗಳಿಸಿ, ಮುಂದಿನ ಕೆಲಸ ನೋಡಿಕೊಳ್ಳಬಹುದು. ನಮ್ಮ ಕಾರು ಅಂತಹ ಔದಾರ್ಯವನ್ನು ತೋರಲಿಲ್ಲ. ಅದು ಬೆಳಿಗ್ಗೆ ಸ್ಟಾರ್ಟ್ ಆಗುತ್ತಿತ್ತು, ಹೋಗಬೇಕಾದಲ್ಲಿಗೆ ಹೋಗುತ್ತಿತ್ತು, ಸಾಮಾನ್ಯವಾಗಿ ಹೊರಟ ದಿನವೇ ಮನೆಗೂ ಮರಳುತ್ತಿತ್ತು. ಆದರೆ ಇಷ್ಟನ್ನೂ ಒಂದಲ್ಲ ಒಂದು ಆಕ್ಷೇಪಣೆ ಸಲ್ಲಿಸಿಯೇ ಮಾಡುತ್ತಿತ್ತು. ರಿಪೇರಿ ಮಾಡಿಸುವುದೋ, ಮಾರುವುದೋ, ಗುಜರಿಗೆ ಹಾಕುವುದೋ ಎಂಬ ಚರ್ಚೆ ನಮ್ಮ ಮನೆಯೊಳಗೆ ಹೊಕ್ಕದ್ದು ಈ ಆಕ್ಷೇಪಣೆಗಳ ಬೆನ್ನು ಹತ್ತಿಯೇ.

ಮೊದಲನೆಯದು ಹೊಗೆಯ ರೂಪದಲ್ಲಿ ಬಂತು. ಸೈಲೆನ್ಸರಿನ ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಕಪ್ಪಾಗಿದ್ದರೆ ಇಂಧನ ಅಳತೆ ಮೀರಿ ಹೋಗಿ ಪೂರ್ತಿ ಉರಿಯುತ್ತಿಲ್ಲ, ಎಂಜಿನ್ ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನ್ನಿನ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗಿ, ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟ್ ಒಳಗೆ ಸೋರುತ್ತಿರಬಹುದು ಎಂಬುದು ಗ್ಯಾರೇಜಿನ ಸಾಮಾನ್ಯ ಜ್ಞಾನ. ಇದನ್ನು ಮೆಕ್ಯಾನಿಕ್ ಹೇಳಿದ್ದೇ ತಡ, ಮನೆಯವರೆಲ್ಲ ಕಾರಿನ ಹಿಂದೆ ನಿಂತು ಬಣ್ಣ ನಿರ್ಣಯಕ್ಕೆ ತೊಡಗಿದರು. ಮಗನಿಗೆ ಅದು ನೀಲಿಯಾಗಿ ಕಂಡಿತು, ಹೆಂಡತಿಗೆ ಬೂದಾಗಿ ಕಂಡಿತು. ಹಣ ಕೊಡಬೇಕಾದವನು ನಾನಾದ್ದರಿಂದ ನನ್ನ ಕಣ್ಣಿಗೆ ಮಾತ್ರ ಅದು ತಣ್ಣನೆಯ ಮುಂಜಾನೆಯಲ್ಲಿ ಎಂತಹ ಆರೋಗ್ಯವಂತ ಕಾರಿನಿಂದಲೂ ಹೊರಡುವ ನೀರಾವಿಯಾಗಿಯೇ ಕಂಡಿತು.

ಎರಡನೆಯದು ಸದ್ದು. ಬೆಳಿಗ್ಗೆ ಬಾನೆಟ್ಟಿನಡಿಯಿಂದ ಟಕಟಕ ಎಂದು ಕೇಳುತ್ತಿದ್ದ ಆ ಸದ್ದು ಗ್ಯಾರೇಜ್ ತಲುಪುವ ಹೊತ್ತಿಗೆ ಮಾಯವಾಗಿರುತ್ತಿತ್ತು. ಇದರಲ್ಲಿ ಕಾರಿನ ಕುಚೇಷ್ಟೆಯೇನೂ ಇಲ್ಲವಂತೆ. ಸವೆದ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಸಂದು ಹೆಚ್ಚಿರುತ್ತದೆ. ತಣ್ಣಗಿರುವಾಗ ಪಿಸ್ಟನ್ ಆ ಸಂದಿನಲ್ಲಿ ಬಡಿದುಕೊಳ್ಳುತ್ತದೆ, ಬಿಸಿಯಾಗಿ ಹಿಗ್ಗಿದ ಮೇಲೆ ಸುಮ್ಮನಾಗುತ್ತದೆ. ಕಾರಣ ವೈಜ್ಞಾನಿಕವೇ ಹೌದು, ಆದರೆ ಮೆಕ್ಯಾನಿಕ್‌ನ ಎದುರು ನಿಂತು ಅದೇ ಸದ್ದನ್ನು ಬಾಯಿಂದ ಹೊರಡಿಸಿ ತೋರಿಸಬೇಕಾದ ಸಂಕಟವನ್ನು ವಿಜ್ಞಾನ ನಿವಾರಿಸುವುದಿಲ್ಲ. ನನ್ನ ಅನುಕರಣೆಯನ್ನು ಆತ ಕಣ್ಣು ಮುಚ್ಚಿ ಕೇಳಿ, “ಇನ್ನೊಂದು ಸಲ ಮಾಡಿ ಸಾರ್” ಎಂದ. ಅಷ್ಟರಲ್ಲಿ ಪಕ್ಕದ ಗಾಡಿಯ ಕೆಳಗೆ ಮಲಗಿದ್ದ ಹುಡುಗನೂ ಹೊರಗೆ ತಲೆ ಹಾಕಿದ್ದ.

ಕೊನೆಗೆ ನಿಜವಾದ ರೋಗಿ ಕ್ಲಚ್ ಎಂದು ತೀರ್ಮಾನವಾಯಿತು. ಆಕ್ಸಲರೇಟರ್ ತುಳಿದರೆ ಎಂಜಿನ್ನಿನ ಆರ್ಭಟ ಏರುತ್ತಿತ್ತೇ ಹೊರತು ವೇಗ ಏರುತ್ತಿರಲಿಲ್ಲ. ಕ್ಲಚ್ ಪ್ಲೇಟು ದುಬಾರಿ ವಸ್ತುವೇನಲ್ಲ. ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕೆಂಬುದೇ ದುಬಾರಿ. ಇಲ್ಲಿಂದ ಮುಂದಿನ ತರ್ಕ ಅತ್ಯಂತ ಸಮಂಜಸವಾದದ್ದು, ಆದ್ದರಿಂದಲೇ ಅತ್ಯಂತ ಅಪಾಯಕಾರಿಯಾದದ್ದು. “ಹೇಗೂ ಗೇರ್‌ಬಾಕ್ಸ್ ಇಳಿಸುತ್ತೇವಲ್ಲ ಸಾರ್, ರಿಲೀಸ್ ಬೇರಿಂಗೂ ಹಾಕಿಬಿಡೋಣ. ಹೇಗೂ ಅಷ್ಟು ಬಿಚ್ಚಿರುತ್ತದೆ, ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲೂ ಬದಲಿಸಿಬಿಡೋಣ.” ನಾಳೆ ಆ ಸೀಲ್ ಸೋರಿದರೆ ಮತ್ತೆ ಅಷ್ಟನ್ನೂ ಬಿಚ್ಚಬೇಕಾದ್ದರಿಂದ ಈ ಮಾತಿನಲ್ಲಿ ಎಳ್ಳಷ್ಟೂ ಮೋಸವಿಲ್ಲ. “ಹೇಗೂ” ಎಂಬ ಆ ಒಂದು ಮಾತನ್ನು ಹಿಡಿದುಕೊಂಡು ಒಳಗೆ ಹೋದ ಮೆಕ್ಯಾನಿಕ್ ಕಾರಿನ ಹಿಂಬದಿಯ ನಂಬರ್ ಪ್ಲೇಟಿನವರೆಗೂ ನಡೆದು ಬರಬಲ್ಲ. ಟೈಮಿಂಗ್ ಬೆಲ್ಟಿನ ಹೆಸರನ್ನೂ ಆತ ಅಂದೇ ಒಮ್ಮೆ ಎತ್ತಿದ್ದ. ಪಿಸ್ಟನ್ನುಗಳಿಗೂ ವಾಲ್ವುಗಳಿಗೂ ತಾಳ ಹೊಂದಿಸುವ, ಹೊರಗಿನಿಂದ ಕಾಣದ ಈ ರಬ್ಬರ್ ಪಟ್ಟಿ ಯಾವ ಮುನ್ಸೂಚನೆಯನ್ನೂ ಕೊಡದೆ ಹರಿಯಬಹುದು, ಮತ್ತು ಅನೇಕ ಎಂಜಿನ್ನುಗಳಲ್ಲಿ ಅದು ಹರಿದ ಗಳಿಗೆಯಲ್ಲೇ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಅವನ್ನು ಬಗ್ಗಿಸಿಬಿಡುತ್ತವೆ. ಮಾತು ಅಲ್ಲಿಗೆ ಬಂದಾಗ ನಾನು ಕ್ಲಚ್ಚಿನ ವಿಷಯಕ್ಕೆ ಮರಳಿದೆ.

ಇಷ್ಟು ಖರ್ಚಾದರೆ ಮಾರಿಬಿಡುವುದೇ ಲೇಸೆಂದು ಹೆಂಡತಿ ಹೇಳಿದಳು. ಮಾರಲು ನನಗಿದ್ದ ಅಡ್ಡಿಯೆಂದರೆ ಹೊಸ ಟೈರುಗಳು. ಇತ್ತೀಚೆಗಷ್ಟೇ ನಾಲ್ಕು ಟೈರು ಹಾಕಿಸಿ, ಅವು ಸವೆಯುವ ಮೊದಲೇ ಇನ್ನೊಬ್ಬರಿಗೆ ಒಪ್ಪಿಸುವುದು ಹೇಗೆ? ಹೋದ ಹಣ ನಮ್ಮನ್ನು ಹೀಗೆ ಕಟ್ಟಿಹಾಕುವುದನ್ನು ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಎಂಬ ಸಂಶೋಧಕರು 1985ರಲ್ಲಿ ನಾಟಕದ ಸೀಸನ್ ಟಿಕೆಟ್ಟುಗಳ ಮೂಲಕ ತೋರಿಸಿದ್ದರು: ಪೂರ್ತಿ ಬೆಲೆ ತೆತ್ತವರು, ರಿಯಾಯಿತಿ ಪಡೆದವರಿಗಿಂತ ಹೆಚ್ಚು ಬಾರಿ ನಾಟಕಕ್ಕೆ ಹೋದರು, ಆದರೆ ಸೀಸನ್ನಿನ ಮೊದಲರ್ಧದಲ್ಲಿ ಮಾತ್ರ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ನಾಟಕ ಹೇಗಾದರೂ ಇರಲಿ, ಅದು ರಸ್ತೆಯ ಮಧ್ಯದಲ್ಲಿ ಆಫ್ ಆಗುವುದಿಲ್ಲ ಎಂಬುದೊಂದೇ ಅವರಿಗಿದ್ದ ಅನುಕೂಲ.

ಆದರೂ ಕೊಳ್ಳುವವರನ್ನು ಕರೆಸಿದೆವು. ಹಳೆಯ ಕಾರು ಕೊಳ್ಳಲು ಬರುವವನು ಎಂದೂ ಒಬ್ಬನೇ ಬರುವುದಿಲ್ಲ, ಗಾಡಿಯ ವಿಷಯ ಬಲ್ಲ ಒಬ್ಬ ಸ್ನೇಹಿತನನ್ನು ಕರೆತರುತ್ತಾನೆ. ಆ ಸ್ನೇಹಿತ ಯಾವುದನ್ನೂ ಹೊಗಳುವುದಿಲ್ಲ. ನಮ್ಮಲ್ಲಿಗೆ ಬಂದಾತ ಜೇಬಿನಿಂದ ಅಯಸ್ಕಾಂತವೊಂದನ್ನು ತೆಗೆದು ಬಾಗಿಲುಗಳ ಮೇಲೆ ಹಿಡಿಯುತ್ತಾ ಹೋದ. ತಗಡಿಗೆ ಅಂಟುವ ಅಯಸ್ಕಾಂತ, ಪೇಂಟಿನ ಕೆಳಗೆ ದಪ್ಪವಾಗಿ ಪುಟ್ಟಿ ಮೆತ್ತಿದ ಕಡೆ ಅಂಟುವುದಿಲ್ಲ. ಅನಂತರ ಆಯಿಲ್ ಹಾಕುವ ಬಾಯಿಯ ಮುಚ್ಚಳ ಬಿಚ್ಚಿ, ಅದರ ಒಳಬದಿಯಲ್ಲಿ, ಆಯಿಲಿಗೆ ಕೂಲಂಟ್ ಬೆರೆತಿರಬಹುದೆಂಬ ಸುಳಿವು ಕೊಡುವ ಹಾಲಿನಂತಹ ಕೆನೆ ಕಟ್ಟಿದೆಯೇ ಎಂದು ನೋಡಿದ. ಕೊನೆಗೆ, ಇಷ್ಟು ಚೆನ್ನಾಗಿರುವ ಗಾಡಿಯನ್ನು ನೀವೇಕೆ ಮಾರುತ್ತಿದ್ದೀರಿ ಎಂದು ಕೇಳಿದ.

ಈ ಪ್ರಶ್ನೆಗೆ ಸರಿಯಾದ ಉತ್ತರವೇ ಇಲ್ಲ. ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದರು. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಆತ ಯಾವುದಕ್ಕಾದರೂ ಸಾಧಾರಣ ಬೆಲೆಯನ್ನಷ್ಟೇ ಕೊಡಲು ಸಿದ್ಧನಿರುತ್ತಾನೆ. ಒಳ್ಳೆಯ ಕಾರುಳ್ಳವರು ಆ ಬೆಲೆಗೆ ಮಾರಲೊಲ್ಲದೆ ಹಿಂದೆ ಸರಿಯುತ್ತಾರೆ, ಕೆಟ್ಟವು ಉಳಿಯುತ್ತವೆ. ಅಕರ್ಲಾಫರಿಗೆ 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು, ನನಗೆ ಅದರ ಪ್ರಾಯೋಗಿಕ ಅನುಭವ ದೊರೆಯಿತು. ಕ್ಲಚ್ ಸ್ವಲ್ಪ ಜಾರುತ್ತದೆ ಎಂದು ನಾನು ಪ್ರಾಮಾಣಿಕವಾಗಿ ಹೇಳಿದೊಡನೆ ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ಇಷ್ಟನ್ನು ತಾನಾಗಿಯೇ ಒಪ್ಪುವವನು ಇನ್ನೆಷ್ಟನ್ನು ಬಚ್ಚಿಟ್ಟಿರಬೇಕು ಎಂಬ ಭಾವ ಆ ನೋಟದಲ್ಲಿತ್ತು. ಕ್ಲಚ್ ಮಾಡಿಸಿಡಿ, ಆಮೇಲೆ ಮಾತಾಡೋಣ ಎಂದು ಹೊರಟುಹೋದರು.

ಉಳಿದದ್ದು ಗುಜರಿ. ಇಷ್ಟೂ ಜನರಲ್ಲಿ ನನಗೆ ಹಿಡಿಸಿದವರೆಂದರೆ ಗುಜರಿಯವರೇ. ಏಕೆ ಕೊಡುತ್ತಿದ್ದೀರಿ ಎಂದು ಅವರು ಕೇಳಲಿಲ್ಲ, ಹೊಗೆಯ ಬಣ್ಣ ನೋಡಲಿಲ್ಲ, ಎಷ್ಟು ಕಿಲೋಮೀಟರ್ ಓಡಿದೆಯೆಂಬ ಕುತೂಹಲವನ್ನೂ ತೋರಲಿಲ್ಲ. ಕಾರಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಉಕ್ಕು ಮತ್ತು ಕಬ್ಬಿಣವಾದ್ದರಿಂದ ಅವರಿಗೆ ಬೇಕಾದದ್ದು ತೂಕ. ಆಯಿಲ್, ಕೂಲಂಟ್, ಬ್ರೇಕ್ ಆಯಿಲ್, ಏಸಿಯ ಗ್ಯಾಸ್ ಎಲ್ಲವನ್ನೂ ಮೊದಲು ಹೊರತೆಗೆದು, ಬ್ಯಾಟರಿಯನ್ನು ಬೇರ್ಪಡಿಸಿದ ಮೇಲೆಯೇ ಗಾಡಿಯನ್ನು ಜಜ್ಜುವುದೆಂದು ವಿವರಿಸಿದರು. ನಾನು ಆಸೆಪಟ್ಟು ಹಾಕಿಸಿದ್ದ ಸ್ಟೀರಿಯೋ, ಸೀಟ್ ಕವರುಗಳ ಕಡೆ ಅವರ ದೃಷ್ಟಿ ಹರಿಯಲಿಲ್ಲ. ಬಗ್ಗಿ ನೋಡಿದ್ದು ಕಾರಿನ ಹೊಟ್ಟೆಯಡಿಯಲ್ಲಿ ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂತಹ ಅಮೂಲ್ಯ ಲೋಹಗಳ ತೆಳು ಲೇಪವಿರುತ್ತದೆ. ಇಷ್ಟು ವರ್ಷ ರಸ್ತೆಯ ಉಬ್ಬುಗಳಿಗೆ ನಾನು ತಾಗಿಸಿಕೊಂಡು ಓಡಿಸಿದ್ದು ಇದನ್ನೇ. ಆನೆ ಬದುಕಿದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ; ಬದುಕಿದ್ದಾಗಿನ ಬೆಲೆಯೂ ಸತ್ತ ಮೇಲಿನ ಬೆಲೆಯೂ ಒಂದೇ ಆಗುವ ಮಟ್ಟಿಗೆ ನಮ್ಮ ಕಾರು ಆನೆಯನ್ನು ಸರಿಗಟ್ಟಿತ್ತು, ಮೊತ್ತದಲ್ಲಿ ಮಾತ್ರ ಹಿಂದೆ ಬಿದ್ದಿತ್ತು.

ಆ ಮೊತ್ತಕ್ಕೂ ಒಂದು ಷರತ್ತಿತ್ತು. ತಾನಾಗಿ ಓಡಿಬರುವ ಗಾಡಿಗೆ ಒಂದು ದರ, ಎಳೆದು ತರಬೇಕಾದ ಗಾಡಿಗೆ ಇನ್ನೊಂದು ದರ. ಅವರ ಅಂಗಳವಿದ್ದದ್ದು ಏರಿನ ಮೇಲೆ, ನಮ್ಮ ಕ್ಲಚ್ಚಿಗೆ ಏರು ಹತ್ತುವ ಶಕ್ತಿ ಅಷ್ಟರಲ್ಲಿ ಉಳಿದಿರಲಿಲ್ಲ. ಹೀಗಾಗಿ ಕಾರನ್ನು ಉಳಿಸಿಕೊಳ್ಳಬೇಕಾದರೂ, ಮಾರಬೇಕಾದರೂ, ಗುಜರಿಗೆ ಹಾಕಬೇಕಾದರೂ ಮೊದಲು ಕ್ಲಚ್ ಮಾಡಿಸಲೇಬೇಕಾಯಿತು. ಕ್ಲಚ್ ಮಾಡಿಸಿದ ಮೇಲೆ, ಹೊಸ ಕ್ಲಚ್ ಇರುವ ಕಾರನ್ನು ಯಾರಾದರೂ ಗುಜರಿಗೆ ಹಾಕುತ್ತಾರೆಯೇ ಎಂದು ಮನೆಯವರೇ ನನ್ನನ್ನು ಕೇಳಿದರು.

ಬೀಗದ ಕೈ ಕೊಡುವಾಗ ಮೆಕ್ಯಾನಿಕ್ ಕಾರಿನ ತಲೆಯ ಮೇಲೆ ಪ್ರೀತಿಯಿಂದ ತಟ್ಟಿ, “ಇನ್ನು ಐದು ವರ್ಷ ಈ ಕಡೆ ತಿರುಗಿ ನೋಡುವ ಹಾಗಿಲ್ಲ ಸಾರ್” ಎಂದ. ನಾನು ಸೀಟಿನಲ್ಲಿ ಕುಳಿತು ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ಕಿಟಕಿಯ ಬಳಿಗೆ ಬಗ್ಗಿ, “ಆ ಟೈಮಿಂಗ್ ಬೆಲ್ಟ್ ಒಂದನ್ನು ಬಿಟ್ಟು” ಎಂದು ಸೇರಿಸಿದ.